ಗಡಿ ಬದಲಾದಾಗ ಎದುರಾಳಿಯೂ ಬದಲಾದ

ನಮ್ಮ ಕಡೆ ವಿಶ್ವವಿದ್ಯಾಲಯ ಅಂದ ಕೂಡಲೇ ಜನರಿಗೆ ನೆನಪಾಗುವುದು ಪರೀಕ್ಷೆಯ ವೇಳಾಪಟ್ಟಿ, ಅಂಕಪಟ್ಟಿ, ಒಂದು ಸಹಿಗಾಗಿ ನಸುಕಿನಲ್ಲೇ ಹಿಡಿಯಬೇಕಾದ ಬಸ್ಸು. ಆದರೆ ಜರ್ಸಿ ತೊಟ್ಟು ಕಾಲೇಜಿನ ಮೈದಾನದಲ್ಲಿ ನಿಂತ ಹುಡುಗನಿಗೆ ಅದರ ಅರ್ಥ ಬೇರೆ. ಅವನಿಗೆ ವಿಶ್ವವಿದ್ಯಾಲಯ ಎಂದರೆ ಎದುರಾಳಿಗಳ ಪಟ್ಟಿ. ಇಳಕಲ್ಲಿನ ಕಬಡ್ಡಿ ತಂಡ ಈ ವರ್ಷ ಯಾರನ್ನು ಎದುರಿಸಬೇಕು, ಗೆದ್ದರೆ ಮುಂದೆ ಎಲ್ಲಿಗೆ ಹೋಗಬೇಕು, ಅಲ್ಲಿಯೂ ಗೆದ್ದರೆ ಎದೆಯ ಮೇಲೆ ಯಾವ ಊರಿನ ಹೆಸರು ಬರೆಸಿಕೊಳ್ಳಬೇಕು ಎನ್ನುವುದನ್ನೆಲ್ಲ ತೀರ್ಮಾನಿಸುವುದು, ಕಾಲೇಜು ಯಾವ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ ಎಂದು ಹೇಳುವ ಒಂದು ಸರಕಾರಿ ಕಾಗದ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಊರುಗಳಲ್ಲಿ ಕಾಲೇಜು ಶಿಕ್ಷಣ ಬೆಳೆದುಬಂದ ಬಗೆ ನನ್ನ ಪಿಎಚ್‌.ಡಿ. ಅಧ್ಯಯನದ ಒಂದು ಭಾಗ. ಹಳೆಯ ವಾರ್ಷಿಕ ಸಂಚಿಕೆಗಳನ್ನು ತಿರುವುವಾಗ ಪ್ರಾಚಾರ್ಯರ ವರದಿ, ವಿದ್ಯಾರ್ಥಿಗಳ ಕವಿತೆ, ಪ್ರವಾಸ ಕಥನಗಳನ್ನು ದಾಟಿ ನನ್ನ ಕಣ್ಣು ಹೋಗಿ ನಿಲ್ಲುವುದು ಕ್ರೀಡಾ ವಿಭಾಗದ ಫೋಟೋಗಳ ಮೇಲೆ. ಕುರ್ಚಿಯಲ್ಲಿ ಕೂತ ಗುರುಗಳು, ಹಿಂದೆ ಕೈಕಟ್ಟಿ ನಿಂತ ಹುಡುಗರು, ಮುಂದೆ ನೆಲದ ಮೇಲೊಂದು ಚೆಂಡು ಅಥವಾ ಢಾಲು. ಹುಡುಗರು ಬದಲಾಗುತ್ತಾರೆ, ಮೈದಾನ ಅದೇ ಇರುತ್ತದೆ. ಅವರು ಯಾರ ಪರವಾಗಿ, ಯಾರ ವಿರುದ್ಧ ಆಡಿದರು ಎಂಬ ವಿವರ ಮಾತ್ರ ಕೆಲವು ದಶಕಗಳಿಗೊಮ್ಮೆ ಪೂರ್ತಿ ಬದಲಾಗುತ್ತದೆ. ಸುಮಾರು ಎಂಬತ್ತು ವರ್ಷಗಳಲ್ಲಿ ಈ ಭಾಗದ ಪದವಿ ಕಾಲೇಜುಗಳ ಯಜಮಾನಿಕೆ ಮುಂಬೈಯಿಂದ ಧಾರವಾಡಕ್ಕೆ, ಧಾರವಾಡದಿಂದ ಬೆಳಗಾವಿಗೆ, ಬೆಳಗಾವಿಯಿಂದ ಜಮಖಂಡಿಗೆ ಬಂದಿದೆ.

ಈ ಸ್ಥಳಾಂತರಗಳನ್ನು ಆಡಳಿತದ ಚರಿತ್ರೆಯೆಂದು ಬರೆಯುವುದೇ ರೂಢಿ. ಅದನ್ನು ಆಟದ ಚರಿತ್ರೆಯಾಗಿಯೂ ಓದಬಹುದು ಎಂದು ನನಗೆ ಹೊಳೆದದ್ದು ಅಮೆರಿಕದ ಸುದ್ದಿಗಳನ್ನು ಓದುವಾಗ. ಅಲ್ಲಿ ಇತ್ತೀಚೆಗೆ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಥೆಯನ್ನು ಅದರ ಪಕ್ಕದಲ್ಲಿಟ್ಟರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

ಅಮೆರಿಕದಲ್ಲಿ ಕಾಲೇಜು ಆಟವೆಂದರೆ ನಮ್ಮ ಐಪಿಎಲ್‌ನಷ್ಟೇ ದೊಡ್ಡ ಸಂಗತಿ. ಅಲ್ಲಿಯ ವಿಶ್ವವಿದ್ಯಾಲಯಗಳು ತಮ್ಮ ತಮ್ಮಲ್ಲೇ ಒಕ್ಕೂಟ ಕಟ್ಟಿಕೊಂಡು ಆಡುತ್ತವೆ. ಅವನ್ನು ಕಾನ್ಫರೆನ್ಸ್ ಎನ್ನುತ್ತಾರೆ. ದೇಶದ ನಡುಭಾಗದ ವಿಶ್ವವಿದ್ಯಾಲಯಗಳು ಸೇರಿ 1896ರಲ್ಲಿ ಕಟ್ಟಿಕೊಂಡ ಒಕ್ಕೂಟ ಮುಂದೆ 'ಬಿಗ್ ಟೆನ್' ಎಂದು ಹೆಸರಾಯಿತು. ಪೆಸಿಫಿಕ್ ಕರಾವಳಿಯವರು 1915ರಲ್ಲಿ ಕಟ್ಟಿಕೊಂಡದ್ದು ಕಾಲಾಂತರದಲ್ಲಿ 'ಪ್ಯಾಕ್-12' ಆಯಿತು. ರೈಲಿನಲ್ಲಿ ಹೋಗಿ ಆಡಿ ಬರಲು ಸಾಧ್ಯವಿರುವವರೇ ಎದುರಾಳಿಗಳು ಎಂಬ ಸರಳ ಲೆಕ್ಕ ಅದರ ಹಿಂದಿತ್ತು. ನೂರು ವರ್ಷ ಒಬ್ಬರೊಡನೆ ಒಬ್ಬರು ಆಡುತ್ತ ಹೋದಾಗ ಆ ನೆರೆಹೊರೆ ಒಂದು ಪರಂಪರೆಯೇ ಆಗಿಬಿಟ್ಟಿತು.

ಅದನ್ನು ಅಲುಗಾಡಿಸಿದ್ದು ಟಿವಿ. 1984ರವರೆಗೆ ಕಾಲೇಜು ಫುಟ್‌ಬಾಲ್ ಪಂದ್ಯಗಳ ಪ್ರಸಾರವನ್ನು ಎನ್‌ಸಿಎಎ ಎಂಬ ಕೇಂದ್ರ ಸಂಸ್ಥೆ ತನ್ನ ಹಿಡಿತದಲ್ಲಿಟ್ಟುಕೊಂಡಿತ್ತು. ಓಕ್ಲಹೋಮ ವಿಶ್ವವಿದ್ಯಾಲಯದ ಮಂಡಳಿ ಹೂಡಿದ ದಾವೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಹಿಡಿತವನ್ನು ಕಾನೂನುಬಾಹಿರವೆಂದಿತು. ಅಂದಿನಿಂದ ವಿಶ್ವವಿದ್ಯಾಲಯಗಳು, ಅವುಗಳ ಒಕ್ಕೂಟಗಳು ತಮ್ಮ ಪಂದ್ಯಗಳನ್ನು ತಾವೇ ಮಾರಿಕೊಳ್ಳತೊಡಗಿದವು. ದೊಡ್ಡ ಊರಿನ ತಂಡ ಒಕ್ಕೂಟದಲ್ಲಿದ್ದರೆ ಟಿವಿ ಕಂಪನಿ ಹೆಚ್ಚು ಹಣ ಕೊಡುತ್ತದೆ. ಹಾಗಾಗಿ ದೊಡ್ಡ ಊರಿನ ತಂಡಗಳನ್ನು ಸೆಳೆಯುವ ಪೈಪೋಟಿ ಶುರುವಾಯಿತು.

2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಪೆಸಿಫಿಕ್ ಒಕ್ಕೂಟ ಬಿಟ್ಟು ಬಿಗ್ ಟೆನ್ ಸೇರುವುದಾಗಿ ಪ್ರಕಟಿಸಿದವು. ಎರಡು ತಿಂಗಳೊಳಗೆ ಬಿಗ್ ಟೆನ್ ಏಳು ವರ್ಷಗಳಿಗೆ 700 ಕೋಟಿ ಡಾಲರ್ ಮೀರಿದ ಪ್ರಸಾರ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಪೆಸಿಫಿಕ್ ಒಕ್ಕೂಟದಲ್ಲಿ ಉಳಿದವರೂ ಚದುರಿದರು. ನಮ್ಮ ಮನೆಮನೆಗೂ ಹೆಸರು ಗೊತ್ತಿರುವ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಪೆಸಿಫಿಕ್ ದಂಡೆಯ ಮೇಲೆ ಕೂತೇ, 'ಅಟ್ಲಾಂಟಿಕ್ ಕೋಸ್ಟ್' ಎಂಬ ಹೆಸರಿನ ಒಕ್ಕೂಟ ಸೇರಿದವು. ಹೆಸರಿನಲ್ಲಿ ಟೆನ್ ಇರುವ ಒಕ್ಕೂಟದಲ್ಲಿ ಈಗ ಹದಿನೆಂಟು ಸದಸ್ಯರಿದ್ದಾರೆ. ಟಿವಿಗೆ ಬೇಕಾಗಿದ್ದುದು ಮುಖ್ಯವಾಗಿ ಫುಟ್‌ಬಾಲ್. ಆದರೆ ಅದರ ಬೆನ್ನಿಗೆ ವಾಲಿಬಾಲ್ ಆಡುವ, ಈಜುವ ಹುಡುಗ ಹುಡುಗಿಯರೂ ಖಂಡ ದಾಟಿ ಪ್ರಯಾಣ ಮಾಡುವಂತಾಯಿತು. ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎಂಬ ಸಣ್ಣ ಊರುಗಳ ಎರಡು ವಿಶ್ವವಿದ್ಯಾಲಯಗಳನ್ನು ಯಾರೂ ಕರೆಯಲಿಲ್ಲ.

ಇನ್ನು ನಮ್ಮ ಊರುಗಳಿಗೆ ಬರೋಣ.

ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ಅದರ ಕಾಲೇಜು ಬಂದದ್ದು 1940ರ ದಶಕದಲ್ಲಿ. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಮೂರೂ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯ ತಾಲ್ಲೂಕುಗಳು. ಕಾಲೇಜಿಗೆ ಮಾನ್ಯತೆ ಕೊಡಬೇಕಾಗಿದ್ದುದು ಮುಂಬೈ ವಿಶ್ವವಿದ್ಯಾಲಯ. ಗದಗ–ಹೋಟಗಿ ನಡುವಿನ ಮೀಟರ್ ಗೇಜ್ ರೈಲು ಬಾದಾಮಿ, ಬಾಗಲಕೋಟೆ, ವಿಜಾಪುರ ಹಾಯ್ದು ಸೊಲ್ಲಾಪುರದ ಹತ್ತಿರದ ಹೋಟಗಿಗೆ ತಲುಪಿಸುತ್ತಿತ್ತು. ಅಲ್ಲಿ ದೊಡ್ಡ ರೈಲು ಹಿಡಿದರೆ ಮುಂಬೈ. ಇಳಕಲ್, ಹುನಗುಂದದವರಿಗೆ ಆ ರೈಲೂ ಇರಲಿಲ್ಲ, ಇವತ್ತಿಗೂ ಇಲ್ಲ.

ಆ ಕಾಲದ ಕಾಲೇಜು ಕ್ರಿಕೆಟ್ಟಿನಲ್ಲಿ ದೊಡ್ಡ ಪ್ರಶಸ್ತಿಯೆಂದರೆ 1935–36ರಲ್ಲಿ ಆರಂಭವಾದ ರೋಹಿಂಟನ್ ಬಾರಿಯಾ ಟ್ರೋಫಿ, ಅಂದರೆ ಅಂತರ ವಿಶ್ವವಿದ್ಯಾಲಯ ಚಾಂಪಿಯನ್‌ಷಿಪ್. ಅದರಲ್ಲಿ ಮುಂಬೈ ವಿಶ್ವವಿದ್ಯಾಲಯದ್ದೇ ಪಾರುಪತ್ಯ. ಆ ತಂಡದಲ್ಲಿ ಜಾಗ ಬೇಕೆಂದರೆ ಬಾಗಲಕೋಟೆಯ ಹುಡುಗ ದೇಶದ ಅತ್ಯುತ್ತಮ ಮೈದಾನಗಳಲ್ಲಿ ದಿನವೂ ಆಡುವ ಮುಂಬೈ ಹುಡುಗರನ್ನು ಹಿಂದೆ ಹಾಕಬೇಕಿತ್ತು. ಬಾಗಿಲು ದೊಡ್ಡದು, ಆದರೆ ಅದರ ತನಕ ಹೋಗುವ ದಾರಿಯೇ ಇಲ್ಲದಂಥ ಸ್ಥಿತಿ ಅದು. ದೊಡ್ಡ ವಿಶ್ವವಿದ್ಯಾಲಯದ ಅಂಚಿನಲ್ಲಿ ಬದುಕುವ ಸಣ್ಣ ಊರಿನ ಪಾಡು ಅಂದೂ ಹಾಗೆಯೇ ಇತ್ತು.

ಸ್ವಾತಂತ್ರ್ಯದ ಬೆನ್ನಲ್ಲೇ ಮುಂಬೈ ವಿಶ್ವವಿದ್ಯಾಲಯದ ಸೀಮೆ ಒಡೆಯಿತು. ಪುಣೆ, ಗುಜರಾತ್, ಕರ್ನಾಟಕ ವಿಶ್ವವಿದ್ಯಾಲಯಗಳು ಒಂದೆರಡು ವರ್ಷಗಳ ಅಂತರದಲ್ಲಿ ಹುಟ್ಟಿಕೊಂಡವು. ನಮ್ಮದು 1949ರ ಕಾಯ್ದೆಯಿಂದ ರೂಪುಗೊಂಡು ಧಾರವಾಡದಲ್ಲಿ ನೆಲೆಯಾಯಿತು. ಈ ಮರುವಿಂಗಡಣೆಯ ಹಿಂದೆ ಹಣದ ಲೆಕ್ಕಕ್ಕಿಂತ ಭಾಷೆಯ ಲೆಕ್ಕ ದೊಡ್ಡದಿತ್ತು. ಏಕೀಕರಣದ ಕನಸು ಕಾಣುತ್ತಿದ್ದವರಿಗೆ, ಕನ್ನಡ ಜಿಲ್ಲೆಗಳಿಗೆ ತಮ್ಮದೇ ವಿಶ್ವವಿದ್ಯಾಲಯ ಬೇಕೆನ್ನುವುದು ತಮ್ಮದೇ ರಾಜ್ಯ ಬೇಕೆನ್ನುವುದರ ಮೊದಲ ಹೆಜ್ಜೆಯಾಗಿತ್ತು. 1956ರ ನವೆಂಬರ್ 1ರಂದು ರಾಜ್ಯವೂ ಬಂತು.

ಆಟದ ಕಣ್ಣಿನಿಂದ ನೋಡಿದರೆ ಆ ದಿನದಿಂದ ಸೊಲ್ಲಾಪುರ ನಮಗೆ ದೂರವಾಯಿತು. ಇಂದಿನ ಅಂತರ ವಿಶ್ವವಿದ್ಯಾಲಯ ಕ್ರೀಡೆಗಳ ವಲಯ ವಿಂಗಡಣೆಯಲ್ಲಿ ಮಹಾರಾಷ್ಟ್ರ ಪಶ್ಚಿಮಕ್ಕೆ, ಕರ್ನಾಟಕ ದಕ್ಷಿಣಕ್ಕೆ ಸೇರುತ್ತವೆ. ಬಾಗಲಕೋಟೆಯಿಂದ ಒಂದೇ ರೈಲಿನಲ್ಲಿ ಅರ್ಧ ದಿನದೊಳಗೆ ತಲುಪಬಹುದಾದ ಸೊಲ್ಲಾಪುರದ ಹುಡುಗರು ನಮ್ಮವರಿಗೆ ಎದುರಾಗುವುದು ಅಖಿಲ ಭಾರತ ಮಟ್ಟ ಮುಟ್ಟಿದರೆ ಮಾತ್ರ. ಅದಕ್ಕೆ ಬದಲಾಗಿ ನಾವು ಎದುರಿಸಬೇಕಾದವರು ಚೆನ್ನೈ, ಕೇರಳ, ಆಂಧ್ರದ ವಿಶ್ವವಿದ್ಯಾಲಯಗಳವರು.

ಆದರೆ ಅದೇ ಏಕೀಕರಣ ಇನ್ನೊಂದು ಕಡೆ ಬೇಲಿ ಕಿತ್ತಿತು. ಇಳಕಲ್ಲಿನ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಕುಷ್ಟಗಿ ತಾಲ್ಲೂಕು. 1948ರವರೆಗೆ ಅದು ನಿಜಾಮನ ಸೀಮೆ. ಈ ಕಡೆ ಮುಂಬೈ ಸರಕಾರದ ಕಾನೂನು, ಆ ಕಡೆ ಹೈದರಾಬಾದಿನದು. ಈ ಕಡೆಯ ಕಾಲೇಜಿಗೆ ಮುಂಬೈ ವಿಶ್ವವಿದ್ಯಾಲಯ, ಆ ಕಡೆಯದಕ್ಕೆ ಉಸ್ಮಾನಿಯಾ. ಸಂತೆ ಒಂದೇ, ನೇಯ್ಗೆಯ ವ್ಯಾಪಾರ ಒಂದೇ, ಬೀಗರು ಎರಡೂ ಕಡೆ ಇದ್ದಾರೆ, ಗಡಿ ಮಾತ್ರ ನಡುವೆ. 1956ರ ನಂತರ ಕಲಬುರಗಿ, ರಾಯಚೂರು, ಬೀದರ್ ಸೀಮೆಯ ಕಾಲೇಜುಗಳೂ ಧಾರವಾಡದ ವ್ಯಾಪ್ತಿಗೆ ಬಂದವು. ಆಗ ಕುಷ್ಟಗಿ ರಾಯಚೂರು ಜಿಲ್ಲೆಯಲ್ಲೇ ಇತ್ತು. ಹೀಗೆ ಮೊದಲ ಬಾರಿಗೆ ಈ ಎರಡೂ ಸೀಮೆಗಳ ವಿದ್ಯಾರ್ಥಿಗಳು ಒಂದೇ ವಿಶ್ವವಿದ್ಯಾಲಯದ ಅಂಗಳದಲ್ಲಿ ಎದುರುಬದುರಾದರು.

ಅದು ಬಹಳ ಕಾಲ ಬಾಳಲಿಲ್ಲ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ರಾಯಚೂರು ಸೀಮೆ ಅತ್ತ ಹೋಯಿತು. 2010ರಲ್ಲಿ ಕೊಪ್ಪಳ ಜಿಲ್ಲೆಯ ಕಾಲೇಜುಗಳು ಬಳ್ಳಾರಿಯ ವಿಶ್ವವಿದ್ಯಾಲಯಕ್ಕೆ, ಆಮೇಲೆ ಕೊಪ್ಪಳದ್ದೇ ವಿಶ್ವವಿದ್ಯಾಲಯಕ್ಕೆ ಸೇರಿದವು. ಇಳಕಲ್ಲಿನಲ್ಲಿ ನನಗೆ ಪರಿಚಯದ ಹಿರಿಯ ನೇಕಾರರೊಬ್ಬರಿಗೆ ಈ ಕಥೆ ಹೇಳಿದಾಗ ಅವರು ಮಗ್ಗದಿಂದ ತಲೆ ಎತ್ತದೆ ಕೇಳಿದರು: "ಹಂಗಾದ್ರ ಕುಷ್ಟಗಿಯವ್ರ ಜೋಡಿ ಸಂತಿ ಮಾಡಬಹುದು, ಬೀಗತನ ಮಾಡಬಹುದು, ಆಟ ಮಾತ್ರ ಆಡೂ ಹಂಗಿಲ್ಲ ಅಂದಂಗಾತು?" ಆಡಬಾರದೆಂದು ಯಾರೂ ಹೇಳಿಲ್ಲ ಕಾಕಾ, ಆಡಿಸುವವರು ಇಲ್ಲ ಅಷ್ಟೆ, ಎಂದೆ.

ನಮ್ಮ ಭಾಗದ ಜನರಿಗೆ ಹೀಗೆ ನೆರೆಯವರು ಬದಲಾಗುವುದು ಹೊಸದಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಬಾಗಲಕೋಟೆಯ ಬಹುಭಾಗವನ್ನು ನುಂಗಿದಾಗ ಓಣಿ ಓಣಿಗಳೇ ನವನಗರದ ಸೆಕ್ಟರುಗಳಿಗೆ ಹೋದವು. ಪಕ್ಕದ ಮನೆಯವರು ಯಾರು ಎಂಬುದನ್ನು ಅಲ್ಲಿ ನಿವೇಶನದ ಹಂಚಿಕೆ ಪತ್ರ ತೀರ್ಮಾನಿಸಿತು. ಕಾಲೇಜುಗಳ ವಿಷಯದಲ್ಲಿ ಆದದ್ದೂ ಬಹುಮಟ್ಟಿಗೆ ಅದೇ, ಸದ್ದಿಲ್ಲದೆ.

ಈ ಸದ್ದಿಲ್ಲದ ಒಡೆಯುವಿಕೆ ಊರೂರಿನ ನಡುವೆ ಅಷ್ಟೇ ಅಲ್ಲ, ಊರಿನ ಒಳಗೂ ಆಯಿತು. ಬಾಗಲಕೋಟೆ ಒಂದನ್ನೇ ತೆಗೆದುಕೊಳ್ಳಿ. 1963ರಲ್ಲಿ ಆರಂಭವಾದ ಇಲ್ಲಿಯ ಎಂಜಿನಿಯರಿಂಗ್ ಕಾಲೇಜು ಧಾರವಾಡದ ವ್ಯಾಪ್ತಿಯಲ್ಲಿತ್ತು. 1998ರಲ್ಲಿ ವಿಟಿಯು ಬಂದಾಗ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳೊಂದಿಗೆ ಅದೂ ಅತ್ತ ಹೋಯಿತು. 2002ರಲ್ಲಿ ಬಂದ ವೈದ್ಯಕೀಯ ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿತು. 2003ರಲ್ಲಿ ವಿಜಾಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವಾದಾಗ ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳು ಅದರ ವ್ಯಾಪ್ತಿಗೆ ಹೋದವು. ತೋಟಗಾರಿಕೆಗೆ ಬಾಗಲಕೋಟೆಯಲ್ಲೇ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ, ಬೆಳಗಾವಿ, ವಿಜಾಪುರ, ಬಾಗಲಕೋಟೆ ಜಿಲ್ಲೆಗಳ ಪದವಿ ಕಾಲೇಜುಗಳು ಧಾರವಾಡದಿಂದ ಬೇರೆಯಾದವು. 2022ರ ಕಾಯ್ದೆ ತಿದ್ದುಪಡಿಯಿಂದ ಬಾಗಲಕೋಟೆ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯ ಮಂಜೂರಾಗಿ, 2023ರ ಮಾರ್ಚ್‌ನಲ್ಲಿ ಜಮಖಂಡಿಯಲ್ಲಿ ಉದ್ಘಾಟನೆಯಾಯಿತು.

ಹೀಗಾಗಿ ಒಂದೇ ಊರಿನಲ್ಲಿ, ಒಂದೇ ರಸ್ತೆಯ ಆಚೀಚೆ ಓದುವ ಐದು ಬಗೆಯ ವಿದ್ಯಾರ್ಥಿಗಳು ಐದು ಬೇರೆ ಬೇರೆ ವಿಶ್ವವಿದ್ಯಾಲಯಗಳ ಕ್ರೀಡಾಪಟುಗಳಾದರು. ಎಂಜಿನಿಯರಿಂಗ್ ಓದುವ ಹುಡುಗ ಮಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ವಿರುದ್ಧ ಆಡಿ ಬರಬಲ್ಲ. ಆದರೆ ತನ್ನ ಓಣಿಯಲ್ಲೇ ಬೆಳೆದು ಬಿ.ಎ. ಓದುತ್ತಿರುವ ಗೆಳೆಯನ ವಿರುದ್ಧ ಅಂತರ ಕಾಲೇಜು ಪಂದ್ಯದಲ್ಲಿ ಎದುರಾಗಲಾರ. ಅಮೆರಿಕದಲ್ಲಿ ಟಿವಿ ದುಡ್ಡು ಮಾಡಿದ ಕೆಲಸವನ್ನು, ಅಂದರೆ ನೆರೆಯವನನ್ನು ಎದುರಾಳಿಯ ಪಟ್ಟಿಯಿಂದ ತೆಗೆದು ದೂರದವನನ್ನು ತಂದು ನಿಲ್ಲಿಸುವ ಕೆಲಸವನ್ನು, ಇಲ್ಲಿ ಒಂದು ರೂಪಾಯಿ ಟಿವಿ ಹಣ ಇಲ್ಲದೆಯೇ ಆಡಳಿತ ಮಾಡಿ ಮುಗಿಸಿತು.

ಹಾಗಾದರೆ ನಮ್ಮಲ್ಲಿ ಟಿವಿ ಹಣ ಎಲ್ಲಿಗೆ ಹೋಯಿತು?

ನಮ್ಮಲ್ಲೂ ಅಮೆರಿಕದ 1984ರಂಥ ಒಂದು ತೀರ್ಪು ಬಂತು. 1993ರ ಹೀರೋ ಕಪ್ ಪ್ರಸಾರದ ಬಗ್ಗೆ ದೂರದರ್ಶನಕ್ಕೂ ಬಂಗಾಳ ಕ್ರಿಕೆಟ್ ಸಂಸ್ಥೆಗೂ ಎದ್ದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ, ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರಕಾರದ ಏಕಸ್ವಾಮ್ಯ ಸಲ್ಲದು ಎಂದು ಹೇಳಿತು. ಎರಡೂ ತೀರ್ಪುಗಳು ಒಂದೊಂದು ಏಕಸ್ವಾಮ್ಯವನ್ನು ಮುರಿದವು, ಎರಡೂ ಕಡೆ ಆಟ ಮಾರಾಟದ ಸರಕಾಯಿತು. ವ್ಯತ್ಯಾಸ ಇರುವುದು ಸರಕು ಯಾರ ಕೈಯಲ್ಲಿತ್ತು ಎಂಬುದರಲ್ಲಿ. ಅಮೆರಿಕದಲ್ಲಿ ಅದು ವಿಶ್ವವಿದ್ಯಾಲಯಗಳ ಕೈಯಲ್ಲಿತ್ತು. ನಮ್ಮಲ್ಲಿ ಕ್ರಿಕೆಟ್ ಮಂಡಳಿಯ ಕೈಯಲ್ಲಿತ್ತು. ನಮ್ಮ ವಿಶ್ವವಿದ್ಯಾಲಯಗಳ ಬಳಿ ಮಾರಲು ಏನೂ ಇರಲಿಲ್ಲ.

ಯಾವತ್ತೂ ಇರಲಿಲ್ಲವೆಂದಲ್ಲ. 1960ರ ದಶಕದಲ್ಲಿ ಸುನಿಲ್ ಗಾವಸ್ಕರ್ ಮುಂಬೈ ವಿಶ್ವವಿದ್ಯಾಲಯದ ಪರವಾಗಿ ರನ್ ಗಳಿಸುತ್ತಲೇ ದೊಡ್ಡ ಕ್ರಿಕೆಟ್ಟಿನ ಬಾಗಿಲು ತಲುಪಿದವರು. ಕಾಲೇಜು ಕ್ರಿಕೆಟ್ ಆಗ ಒಂದು ಏಣಿ. ನಂತರದ ದಶಕಗಳಲ್ಲಿ ಮಂಡಳಿಯ ವಯೋಮಿತಿ ಟೂರ್ನಿಗಳು, ಅಕಾಡೆಮಿಗಳು ಆ ಏಣಿಯ ಜಾಗಕ್ಕೆ ಬಂದವು. 2008ರಲ್ಲಿ ಐಪಿಎಲ್ ಬಂತು. 2023ರಿಂದ 2027ರವರೆಗಿನ ಅದರ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು, ಪಂದ್ಯವೊಂದಕ್ಕೆ ಸುಮಾರು 118 ಕೋಟಿ. ಈ ಹಣದ ನಕಾಶೆಯಲ್ಲಿ ಊರುಗಳ ಹೆಸರುಗಳಿವೆ, ಕಾಲೇಜುಗಳಿಲ್ಲ. ಊರಿನ ಹೆಸರೂ ಎಷ್ಟೋ ಸಲ ಹೆಸರಷ್ಟೇ. ನಮ್ಮ ಕಡೆಯ ಹೆಸರು ಹೊತ್ತ 'ಬಿಜಾಪುರ ಬುಲ್ಸ್' ತಂಡ 2018ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಗೆದ್ದಾಗ ಫೈನಲ್ ನಡೆದದ್ದು ಮೈಸೂರಿನಲ್ಲಿ. ಗೋಳಗುಮ್ಮಟದ ನೆರಳಿನ ಜನ ತಮ್ಮ ತಂಡವನ್ನು ಟಿವಿಯಲ್ಲೇ ನೋಡಿದರು.

ಅಮೆರಿಕದಲ್ಲಿ ಟಿವಿ ಹಣ ಮೇಲಿನಿಂದ ವಿಶ್ವವಿದ್ಯಾಲಯಕ್ಕೆ ಇಳಿಯುತ್ತದೆ. ನಮ್ಮಲ್ಲಿ ಹಣ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಪ್ರವೇಶದ ಹೊತ್ತಿನಲ್ಲಿ ಪ್ರತಿ ವಿದ್ಯಾರ್ಥಿ, ಆಡುವವನೂ ಆಡದವನೂ, ಕ್ರೀಡಾ ಶುಲ್ಕ ಕಟ್ಟುತ್ತಾನೆ. ಅದರಲ್ಲಿ ಒಂದು ಪಾಲು ಕಾಲೇಜಿನಲ್ಲಿ ಉಳಿದು ಇನ್ನೊಂದು ಪಾಲು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಆ ಹಣದಿಂದ ಪಂದ್ಯಾವಳಿ, ತಂಡದ ಪ್ರಯಾಣ, ಊಟ, ಜರ್ಸಿ. ನೇಕಾರನ ಮಗಳು ಕಟ್ಟಿದ ಶುಲ್ಕದ ಮೇಲೆ ನಡೆಯುವ ವ್ಯವಸ್ಥೆ ಇದು. ಹೀಗಾಗಿ ವಿಶ್ವವಿದ್ಯಾಲಯದ ಗಡಿ ಕಿರಿದಾದಂತೆ ಕ್ರೀಡೆಯ ಥೈಲಿಯೂ ಕಿರಿದಾಗುತ್ತದೆ.

ಕ್ರಿಕೆಟ್ಟಿನ ಮಾತು ಬಿಡಿ, ನಮ್ಮ ಹಳ್ಳಿಗಳ ಆಟ ಕಬಡ್ಡಿ. ಅಲ್ಲಿಗೂ 2014ರ ಜುಲೈನಲ್ಲಿ ಟಿವಿ ಬಂತು. ಪ್ರೊ ಕಬಡ್ಡಿ ಲೀಗ್ ಆರಂಭವಾದ ಮರುವರ್ಷವೇ ಅದನ್ನು ನಡೆಸುವ ಕಂಪನಿಯ 74 ಶೇಕಡಾ ಪಾಲನ್ನು ಸ್ಟಾರ್ ಕೊಂಡುಕೊಂಡಿತು. ಅಂದರೆ ಪ್ರಸಾರ ಮಾಡುವವರೇ ಪಂದ್ಯಾವಳಿಯ ಒಡೆಯರೂ ಆದರು. ಎಂಟು ತಂಡಗಳಿದ್ದದ್ದು 2017ಕ್ಕೆ ಹನ್ನೆರಡಾದವು. ಮಣ್ಣಿನ ಅಂಕಣದ ಆಟ ಬಣ್ಣದ ಮ್ಯಾಟಿನ ಮೇಲೆ ಮನೆಮನೆಗೆ ಬಂತು. ಮೂವತ್ತು ಸೆಕೆಂಡಿನ ಗಡಿಯಾರ, 'ಡು ಆರ್ ಡೈ' ರೈಡು, 'ಸೂಪರ್ ಟ್ಯಾಕಲ್' ಎಂಬ ಮಾತುಗಳು ಹುನಗುಂದದ ಹೊಲದ ಬದುವಿನಲ್ಲಿ ಆಡುವ ಮಕ್ಕಳ ಬಾಯಿಗೂ ಬಂದವು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಚಾಂಪಿಯನ್ ಆದಾಗ ನಮ್ಮ ಕಡೆ ಪಟಾಕಿ ಹೊಡೆದವರಿದ್ದಾರೆ. ಕಬಡ್ಡಿ ಆಡಿ ಬದುಕು ಕಟ್ಟಿಕೊಳ್ಳಬಹುದು ಎಂಬ ನಂಬಿಕೆ ಹುಟ್ಟಿದ್ದು ಟಿವಿಯಿಂದ ಎಂಬುದನ್ನು ಅಲ್ಲಗಳೆಯಲಾಗದು.

ಇಷ್ಟರ ನಡುವೆ ಒಂದೇ ಒಂದು ಸಲ ಟಿವಿಯ ಹಣ ಮತ್ತು ವಿಶ್ವವಿದ್ಯಾಲಯದ ಅಂಗಳ ಒಂದನ್ನೊಂದು ನೇರವಾಗಿ ಮುಟ್ಟಿದ್ದನ್ನು ಗಮನಿಸಿದೆ. 2022ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಆ ವರ್ಷ ಆಗಸ್ಟಿನ ಪ್ರೊ ಕಬಡ್ಡಿ ಹರಾಜಿನ ಪಟ್ಟಿಗೆ ಆ ಕೂಟದ ಕಬಡ್ಡಿ ಫೈನಲ್ ತಲುಪಿದ ಎರಡು ತಂಡಗಳ 24 ಆಟಗಾರರನ್ನು ಸೇರಿಸಿಕೊಂಡರು. ಕಾಲೇಜಿನ ಜರ್ಸಿಯಿಂದ ಹರಾಜಿನ ಮೇಜಿಗೆ ನೇರ ದಾರಿ ತೆರೆಯಿತು.

ಆ ದಾರಿಯನ್ನು ಇಳಕಲ್ಲಿನಿಂದ ನಡೆದು ನೋಡಿ. ಮೊದಲು ಕಾಲೇಜು ತಂಡ. ಆಮೇಲೆ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಎದ್ದು ಕಂಡು ವಿಶ್ವವಿದ್ಯಾಲಯ ತಂಡದ ಹನ್ನೆರಡು ಮಂದಿಯಲ್ಲಿ ಒಬ್ಬನಾಗಬೇಕು. ಅವನಿಗೆ ನಮ್ಮಲ್ಲಿ 'ಯೂನಿವರ್ಸಿಟಿ ಬ್ಲೂ' ಎನ್ನುತ್ತಾರೆ. ಆ ತಂಡ ದಕ್ಷಿಣ ವಲಯದಲ್ಲಿ, ಸಾಮಾನ್ಯವಾಗಿ ಮೊದಲ ನಾಲ್ಕರೊಳಗೆ, ಬರಬೇಕು. ನಂತರ ಅಖಿಲ ಭಾರತ ಮಟ್ಟದಲ್ಲಿ ಮೇಲಿನ ಸ್ಥಾನ, ಆಮೇಲೆ ಖೇಲೋ ಇಂಡಿಯಾ, ಅಲ್ಲಿ ಫೈನಲ್. ಕಬಡ್ಡಿ ಏಳು ಜನರ ಆಟ. ಒಬ್ಬ ಎಷ್ಟೇ ಚೆನ್ನಾಗಿ ಆಡಿದರೂ ಮೆಟ್ಟಿಲು ಏರುವುದು ತಂಡವೇ.

ಇಲ್ಲಿಯೇ ವಿಶ್ವವಿದ್ಯಾಲಯದ ಗಡಿಯ ಪ್ರಶ್ನೆ ಕೇವಲ ಆಡಳಿತದ್ದಾಗಿ ಉಳಿಯುವುದಿಲ್ಲ. ಒಂದು ಕಾಲಕ್ಕೆ ಬೀದರಿನಿಂದ ಕಾರವಾರದವರೆಗೆ ಹರಡಿದ್ದ ಧಾರವಾಡದ ವಿಶ್ವವಿದ್ಯಾಲಯದಿಂದ ಹೋಗುತ್ತಿದ್ದುದು ಒಂದೇ ತಂಡ, ಹನ್ನೆರಡು ಕಬಡ್ಡಿ ಆಟಗಾರರು. ಇಂದು ಅದೇ ನೆಲದಲ್ಲಿ ಧಾರವಾಡ, ಕಲಬುರಗಿ, ಬೆಳಗಾವಿ, ರಾಯಚೂರು, ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ ಎಂದು ಎಣಿಸಿದರೆ ಕನಿಷ್ಠ ಎಂಟು ವಿಶ್ವವಿದ್ಯಾಲಯಗಳು, 96 ಜರ್ಸಿಗಳು. ಹಿಂದೆ ಧಾರವಾಡದ ಆಯ್ಕೆಯಲ್ಲಿ ಹಿಂದುಳಿಯುತ್ತಿದ್ದ ಬಾದಾಮಿಯ ಹುಡುಗ ಇಂದು ಬ್ಲೂ ಆಗಬಲ್ಲ. ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದ ಪ್ರಮಾಣಪತ್ರಕ್ಕೆ ಕ್ರೀಡಾ ಕೋಟಾದ ನೌಕರಿಯಲ್ಲಿ ಬೆಲೆಯಿದೆ. ಒಣಬೇಸಾಯದ ತಾಲ್ಲೂಕಿನ ಮನೆಗೆ ಅದು ಸಣ್ಣ ಮಾತಲ್ಲ. ಸಣ್ಣ ವಿಶ್ವವಿದ್ಯಾಲಯಗಳನ್ನು ಹಳಿಯುವ ಮೊದಲು ಈ ಲೆಕ್ಕವನ್ನೂ ನೋಡಬೇಕು.

ಆದರೆ ಅದೇ ಹುಡುಗ ಸೇರುವ ತಂಡ ಒಂದೇ ಜಿಲ್ಲೆಯ ಕಾಲೇಜುಗಳಿಂದ ಆರಿಸಿದ್ದು. ಎದುರಿಗೆ ಕ್ರೀಡಾ ವಿದ್ಯಾರ್ಥಿವೇತನ ಕೊಟ್ಟು ದೇಶದ ಮೂಲೆಮೂಲೆಯಿಂದ ಆಟಗಾರರನ್ನು ಕರೆತರುವ ಖಾಸಗಿ ವಿಶ್ವವಿದ್ಯಾಲಯಗಳು ನಿಂತಿರುತ್ತವೆ. 2022ರ ಆ ಕೂಟದ ಪದಕ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ. ಅಮೆರಿಕದಲ್ಲಿ ಹಣ ಕಂಡ ಕಡೆಗೆ ವಿಶ್ವವಿದ್ಯಾಲಯವೇ ಒಕ್ಕೂಟ ಬದಲಿಸುತ್ತದೆ. ನಮ್ಮಲ್ಲಿ ವಿಶ್ವವಿದ್ಯಾಲಯ ಅಲುಗದು, ಒಳ್ಳೆಯ ಆಟಗಾರನೇ ಊರು ಬಿಡುತ್ತಾನೆ. ಗಡಿ ಚಿಕ್ಕದಾದಷ್ಟೂ ಮೊದಲ ಮೆಟ್ಟಿಲು ಸುಲಭ, ಕೊನೆಯ ಮೆಟ್ಟಿಲು ದುರ್ಲಭ. ಹುಡುಗಿಯರಿಗಂತೂ ಆ ಕೊನೆಯ ಮೆಟ್ಟಿಲೇ ಇಲ್ಲ. 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಸಿ ನೋಡಿದರಾದರೂ ಅದು ಗಂಡಸರ ಲೀಗಿನಂತೆ ಬೆಳೆಯಲಿಲ್ಲ.

ಈಗ ಗಡಿ ಮತ್ತೊಮ್ಮೆ ಅಲುಗುವ ಸೂಚನೆ ಬಂದುಹೋಗಿದೆ. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ಹಿಂದಿನ ಅವಧಿಯಲ್ಲಿ ಆರಂಭವಾದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಿ ಮಾತೃ ವಿಶ್ವವಿದ್ಯಾಲಯಗಳಲ್ಲಿ ವಿಲೀನಗೊಳಿಸುವ ವಿಚಾರ ಕೈಗೆತ್ತಿಕೊಂಡಿತು. ಬಾಗಲಕೋಟೆಯದೂ ಅದರಲ್ಲಿತ್ತು. ಮುಖ್ಯ ಕಾರಣ ಹಣದ ಕೊರತೆ. ಪರ ವಿರೋಧದ ವಾದಗಳು ಸಾಕಷ್ಟು ಬಂದವು. ಬಡ ವಿದ್ಯಾರ್ಥಿಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹತ್ತಿರದ ವಿಶ್ವವಿದ್ಯಾಲಯ ಬೇಕೆಂದು ಒಂದು ಕಡೆ, ಕಟ್ಟಡ ಸಿಬ್ಬಂದಿಗಳಿಲ್ಲದ ವಿಶ್ವವಿದ್ಯಾಲಯದಿಂದ ಏನು ಪ್ರಯೋಜನವೆಂದು ಇನ್ನೊಂದು ಕಡೆ. ಎರಡರಲ್ಲೂ ಸತ್ಯವಿದೆ. ನಾನು ಓದಿದ ಆ ವಾದಗಳಲ್ಲಿ ಆಟದ ಮಾತು ಒಮ್ಮೆಯೂ ಕಾಣಲಿಲ್ಲ.

ಅಮೆರಿಕದಲ್ಲಿ ಗಡಿ ಒಡೆದದ್ದು ಹಣ ಹೆಚ್ಚಾಗಿ, ಇಲ್ಲಿ ಗಡಿ ಅಲುಗುತ್ತಿರುವುದು ಹಣ ಸಾಲದೆ. ಎರಡೂ ಕಡೆ ಒಂದು ಸಂಗತಿ ಸಮಾನ. ಗಡಿ ಎಳೆಯುವ ಕೋಣೆಯಲ್ಲಿ ಆಡುವವರಿಗೆ ಕುರ್ಚಿಯಿಲ್ಲ. ಬಿಗ್ ಟೆನ್ ಸೇರುವ ಮುನ್ನ ಯಾರೂ ಈಜುವ ಹುಡುಗಿಯನ್ನು ಕೇಳಿರಲಾರರು. ಜಮಖಂಡಿಯೋ ಬೆಳಗಾವಿಯೋ ಎಂದು ತೀರ್ಮಾನಿಸುವಾಗ ಇಳಕಲ್ಲಿನ ರೈಡರನ್ನೂ ಯಾರೂ ಕೇಳುವುದಿಲ್ಲ. ಜಿಲ್ಲೆಯ ಪೂರ್ವದ ತುದಿಯಲ್ಲಿರುವ ಇಳಕಲ್ಲಿಗೆ ಪಶ್ಚಿಮದ ಜಮಖಂಡಿಯೂ ಹತ್ತಿರವಲ್ಲ ಎಂಬುದು ನಕಾಶೆ ನೋಡಿದರೆ ತಿಳಿಯುತ್ತದೆ.

ಆದರೂ ಅಮೆರಿಕದ ಕಥೆಯಿಂದ ನಾವು ತೆಗೆದುಕೊಳ್ಳಬಹುದಾದ ಒಂದು ಒಳ್ಳೆಯ ಸಂಗತಿ ಇದೆ. ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ಒಂದೇ ರಾಜ್ಯದ ಎರಡು ವಿಶ್ವವಿದ್ಯಾಲಯಗಳು. 1900ರಲ್ಲಿ ಮೊದಲ ಬಾರಿಗೆ ಪರಸ್ಪರ ಫುಟ್‌ಬಾಲ್ ಆಡಿದವು. 2024ರಲ್ಲಿ ಒಂದು ಶ್ರೀಮಂತ ಒಕ್ಕೂಟಕ್ಕೆ ಹೋಯಿತು, ಇನ್ನೊಂದು ಹಿಂದೆ ಉಳಿಯಿತು. ಆದರೂ ತಮ್ಮ 'ಆಪಲ್ ಕಪ್' ಪಂದ್ಯವನ್ನು ಬಿಡಬಾರದೆಂದು ಅವು ಬೇರೆಯಾಗಿ ಒಪ್ಪಂದ ಮಾಡಿಕೊಂಡವು. ಒಕ್ಕೂಟ ಯಾವುದಾದರೂ ಇರಲಿ, ನೆರೆಯವನೊಡನೆ ಆಡುವುದು ಬಿಡುವುದಿಲ್ಲ ಎಂದು ತೀರ್ಮಾನಿಸಲು ಆ ಎರಡು ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ಸಾಕಾಯಿತು.

ನಮಗೂ ಅಷ್ಟೇ ಸಾಕು. ಇಳಕಲ್ಲಿನ ಕಾಲೇಜು ಕುಷ್ಟಗಿಯ ಕಾಲೇಜಿನೊಡನೆ, ಬಾಗಲಕೋಟೆಯ ಎಂಜಿನಿಯರಿಂಗ್ ಹುಡುಗರು ಬಿ.ಎ. ಹುಡುಗರೊಡನೆ, ಮಹಿಳಾ ಕಾಲೇಜಿನವರು ವೈದ್ಯಕೀಯ ಕಾಲೇಜಿನ ಹುಡುಗಿಯರೊಡನೆ ವರ್ಷಕ್ಕೊಂದು ಪಂದ್ಯ ಆಡಲು ಯಾವ ಕಾಯ್ದೆಯ ತಿದ್ದುಪಡಿಯೂ ಬೇಡ, ಟಿವಿಯೂ ಬೇಡ. ಇಬ್ಬರು ದೈಹಿಕ ಶಿಕ್ಷಣ ನಿರ್ದೇಶಕರ ನಡುವಿನ ಒಂದು ಫೋನ್ ಕರೆ, ಒಂದು ಬಸ್ಸಿನ ಬಾಡಿಗೆ, ಮಧ್ಯಾಹ್ನಕ್ಕೆ ರೊಟ್ಟಿ ಪಲ್ಯ ಇದ್ದರಾಯಿತು. ಅದರಿಂದ ಯಾರಿಗೂ ಬ್ಲೂ ಸಿಗದು, ಹರಾಜಿನ ಪಟ್ಟಿಗೂ ಯಾರ ಹೆಸರೂ ಸೇರದು. ಆದರೆ ಮುಂದೆಂದೋ ವಾರ್ಷಿಕ ಸಂಚಿಕೆ ತಿರುವುವ ಸಂಶೋಧಕರಿಗೆ, ಇಳಕಲ್ಲಿನ ತಂಡ ಕುಷ್ಟಗಿಯವರ ವಿರುದ್ಧ ಎರಡು ಅಂಕಗಳಿಂದ ಸೋತಿತು ಎಂಬ ಒಂದು ಸಾಲು ಸಿಕ್ಕರೂ ನನಗೆ ಸಂತೋಷ.